ಡೀಸೆಲ್ ರೈಲು ನಿಲ್ದಾಣ ಬಿಡುವ ಬಗೆ

ಬೆಳ್ತಂಗಡಿಗೂ ಮೂಡಬಿದಿರೆಗೂ ರೈಲುಮಾರ್ಗವಿಲ್ಲ. ಆ ಕಡೆಯ ವಿದ್ಯಾರ್ಥಿಗಳು ರೈಲು ಹತ್ತಬೇಕಾದರೆ ಒಂದೋ ಮಂಗಳೂರಿಗೆ ಹೋಗಬೇಕು, ಇಲ್ಲವೆ ಪುಂಜಾಲಕಟ್ಟೆಯ ದಾರಿಯಿಂದಲೋ ಸಿದ್ಧಕಟ್ಟೆಯ ದಾರಿಯಿಂದಲೋ ಬಸ್ಸಿನಲ್ಲಿ ಬಿ.ಸಿ. ರೋಡಿಗೆ ಬಂದು ಬಂಟ್ವಾಳ ನಿಲ್ದಾಣದಲ್ಲಿ ಕಾಯಬೇಕು. ಆದ್ದರಿಂದ ನಮ್ಮಲ್ಲಿ ಬಹುಮಂದಿಗೆ ವಾಹನವೆಂದರೆ ಮೊದಲು ನೆನಪಾಗುವುದು ಬಸ್ಸು. ಚಾಲಕನು ಕ್ಲಚ್ ತುಳಿದು, ಗೇರು ಹಾಕಿ, ಆಕ್ಸಿಲರೇಟರ್ ಒತ್ತುವುದನ್ನು ಮುಂದಿನ ಸೀಟಿನಲ್ಲಿ ಕುಳಿತು ನೋಡಿದವರು, ರೈಲಿನ ಎಂಜಿನಿನಲ್ಲಿಯೂ ಇಂಥದೇ ಒಂದು ಏರ್ಪಾಡು ಇದ್ದೀತು, ಹೆಚ್ಚು ಒತ್ತಿದಷ್ಟೂ ಬೇಗ ಹೊರಟೀತು ಎಂದು ತಿಳಿಯುವುದು ಸಹಜ. ಈ ತಿಳಿವಳಿಕೆ ಎಲ್ಲಿ ತಪ್ಪುತ್ತದೆ, ರೈಲಿನ ಚಾಲಕನ ಕೈ ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಲೆಕ್ಕವೆಂದರೆ ಮುಖ ತಿರುಗಿಸುವ ಕಲಾವಿಭಾಗದ ಗೆಳೆಯರು ಹೆದರಬೇಕಾಗಿಲ್ಲ. ಇಲ್ಲಿ ಬರುವ ಲೆಕ್ಕ ಗುಣಾಕಾರ ಭಾಗಾಕಾರಗಳನ್ನು ಮೀರುವುದಿಲ್ಲ.

ಮೊದಲು ಮಾರ್ಗದ ವಿಷಯ ಎರಡು ಮಾತು. ಮಂಗಳೂರಿಗೆ ಮದರಾಸಿನ ಕಡೆಯಿಂದ ರೈಲು ಬಂದದ್ದು 1907ರಲ್ಲಿ. ಆದರೆ ಘಟ್ಟದ ಮೇಲಿನ ಹಾಸನವನ್ನು ಮುಟ್ಟುವ ಮಾರ್ಗಕ್ಕೆ ಇನ್ನೂ ಎಪ್ಪತ್ತು ವರ್ಷ ಕಾಯಬೇಕಾಯಿತು. ಅದು ಪೂರ್ತಿಯಾಗಿ ತೆರೆದದ್ದು 1979ರಲ್ಲಿ, ಮೀಟರ್ ಗೇಜಿನಲ್ಲಿ. 1996ರಲ್ಲಿ ಅಗಲ ಹಳಿ ಹಾಕುವುದಕ್ಕಾಗಿ ಘಟ್ಟದ ಸಂಚಾರವನ್ನು ನಿಲ್ಲಿಸಿದರು. ಮತ್ತೆ ಸರಕು ರೈಲು ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಕೊನೆಯಲ್ಲಿ. ಹಿಂದೆ ಕಂಕನಾಡಿ ಎನ್ನಿಸಿಕೊಂಡಿದ್ದ ಮಂಗಳೂರು ಜಂಕ್ಷನ್ನಿನಿಂದ ಹೊರಟ ರೈಲು ಬಂಟ್ವಾಳಕ್ಕೆ ಬಂದು, ನೇತ್ರಾವತಿಯನ್ನು ದಾಟಿ, ಕಬಕ ಪುತ್ತೂರಿನ ಮೇಲೆ ಸುಬ್ರಹ್ಮಣ್ಯ ರೋಡನ್ನು ಸೇರುತ್ತದೆ. ಅಲ್ಲಿಂದ ಸಕಲೇಶಪುರದವರೆಗಿನ 55 ಕಿಲೋಮೀಟರು ಘಟ್ಟದ ಹಾದಿ: 57 ಸುರಂಗಗಳು, ಕಡಿದಾದ ಕಡೆಗಳಲ್ಲಿ 50ಕ್ಕೆ 1ರ ಏರು. ಅಂದರೆ 50 ಮೀಟರು ಮುಂದೆ ಹೋದರೆ ಒಂದು ಮೀಟರು ಮೇಲೆ. ಬಸ್ಸಿಗೆ ಇದು ಏರೇ ಅಲ್ಲ. ರೈಲಿಗೆ ಇದು ಎಂಥ ಏರೆಂಬುದು ಮುಂದೆ ತಿಳಿಯುತ್ತದೆ. ಈಗ ಈ ಮಾರ್ಗಕ್ಕೂ ವಿದ್ಯುತ್ ತಂತಿ ಬಂದಿರುವುದರಿಂದ ಡೀಸೆಲಿನ ಏಕಚಕ್ರಾಧಿಪತ್ಯ ಮುಗಿದಂತಾಯಿತು. ಆದರೂ ಮಾರ್ಗ ತೆರೆದಂದಿನಿಂದ ನಾಲ್ಕು ದಶಕಗಳಿಗೂ ಮಿಕ್ಕಿದ ಅದರ ಚರಿತ್ರೆ ಮುಖ್ಯವಾಗಿ ಡೀಸೆಲ್ ಎಂಜಿನಿನದೇ.

ಉಗಿ ಎಂಜಿನಿಗೂ ಡೀಸೆಲ್ ಎಂಜಿನಿಗೂ ಇರುವ ಮೂಲಭೇದವನ್ನು ಮೊದಲು ತಿಳಿಯಬೇಕು. ಉಗಿ ಎಂಜಿನು ನಿಂತಲ್ಲಿಂದಲೇ ತಳ್ಳಬಲ್ಲದು. ಚಕ್ರ ಒಂದಿಷ್ಟೂ ತಿರುಗದಿದ್ದಾಗಲೂ ಕೊಳವೆಯೊಳಗಿನ ಉಗಿ ಕೊಂತವನ್ನು ಪೂರ್ಣ ಬಲದಿಂದ ಒತ್ತುತ್ತಿರುತ್ತದೆ. 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ರುಡೋಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನಿಗೆ ಈ ಗುಣವಿಲ್ಲ. ಅದು ತಿರುಗುತ್ತಿದ್ದರೆ ಮಾತ್ರ ಬಲ ಕೊಡುತ್ತದೆ. ನಿಂತ ಡೀಸೆಲ್ ಎಂಜಿನಿನ ಬಲ ಸೊನ್ನೆ. ಆದ್ದರಿಂದಲೇ ಬಸ್ಸಿಗೆ ಕ್ಲಚ್ಚು, ಗೇರು. ಸಾವಿರ ಟನ್ನಿನ ರೈಲನ್ನು ಕ್ಲಚ್ಚಿನ ಮೇಲೆ ಎಬ್ಬಿಸಹೊರಟರೆ ಕ್ಲಚ್ಚು ಸುಟ್ಟು ಬೂದಿಯಾದೀತು. ಅದಕ್ಕಾಗಿ ದೊಡ್ಡ ರೈಲು ಎಂಜಿನುಗಳಲ್ಲಿ ಬೇರೆಯೇ ಉಪಾಯ ಮಾಡಿದ್ದಾರೆ. ಡೀಸೆಲ್ ಎಂಜಿನು ಚಕ್ರವನ್ನು ತಿರುಗಿಸುವುದೇ ಇಲ್ಲ. ಅದು ತಿರುಗಿಸುವುದು ಒಂದು ವಿದ್ಯುಜ್ಜನಕವನ್ನು. ಆ ಜನಕದ ವಿದ್ಯುತ್ತು ತಂತಿಗಳ ಮೂಲಕ ಕೆಳಗೆ ಹರಿದು, ಅಚ್ಚುಗಳ ಬಳಿ ಇರುವ ಆರು ಮೋಟಾರುಗಳನ್ನು ತಿರುಗಿಸುತ್ತದೆ. ನೋಡುವುದಕ್ಕೆ ಡೀಸೆಲ್ ಎಂಜಿನು. ನಿಜಕ್ಕೆ ಅದು ಚಕ್ರಗಳ ಮೇಲೆ ಕೂಡಿಸಿದ ಒಂದು ವಿದ್ಯುದಾಗಾರ.

ಚಾಲಕನ ಕೈಯಲ್ಲಿರುವ ಹಿಡಿಗೆ ಥ್ರಾಟಲ್ ಎಂದು ಹೆಸರು. ಅದಕ್ಕೆ ಎಂಟು ಮೆಟ್ಟಿಲುಗಳು. ಇವುಗಳನ್ನು ರೈಲ್ವೆಯವರು ನಾಚ್ ಎನ್ನುತ್ತಾರೆ. ಒಂದೊಂದು ನಾಚ್ ಏರಿಸಿದಂತೆ ಗವರ್ನರ್ ಎಂಬ ಯಂತ್ರಭಾಗ ಡೀಸೆಲ್ ಎಂಜಿನು ತಿರುಗುವ ವೇಗವನ್ನು ಒಂದು ಗೊತ್ತಾದ ಮಟ್ಟಕ್ಕೆ ಏರಿಸುತ್ತದೆ. ನಮ್ಮ ದೇಶದಲ್ಲಿ ಅತಿ ಹೆಚ್ಚು ಪರಿಚಿತವಾದ ಡಬ್ಲ್ಯು.ಡಿ.ಎಂ.-2 ಜಾತಿಯಲ್ಲಿ, ಸುಮ್ಮನೆ ನಿಂತಾಗ ನಿಮಿಷಕ್ಕೆ 400 ಸುತ್ತು, ಎಂಟನೆಯ ನಾಚಿನಲ್ಲಿ 1000 ಸುತ್ತು. ಬಸ್ಸಿನಲ್ಲಿರುವಂತೆ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಲು ಇಲ್ಲಿ ಅವಕಾಶವಿಲ್ಲ. ಎಂಟೇ ಮೆಟ್ಟಿಲು. ಎಷ್ಟು ಹೊತ್ತು ಯಾವ ಮೆಟ್ಟಿಲಿನಲ್ಲಿ ನಿಲ್ಲಬೇಕು ಎಂಬುದರಲ್ಲಿಯೇ ಚಾಲಕನ ವಿದ್ಯೆಯೆಲ್ಲ ಇದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎಂಟನೆಯ ನಾಚನ್ನು ಒಮ್ಮೆಲೇ ಹಾಕಿದರೆ ರೈಲು ಬೇಗ ಹೊರಡುವುದಿಲ್ಲವೇ?

ಇಲ್ಲ. ನಿಂತ ರೈಲನ್ನು ಎಬ್ಬಿಸುವಾಗ ಎಳೆತ ಎಷ್ಟೆಂಬುದನ್ನು ನಿರ್ಧರಿಸುವುದು ಅಶ್ವಶಕ್ತಿಯಲ್ಲ. ಹಳಿಯ ಮೇಲೆ ಚಕ್ರಕ್ಕಿರುವ ಹಿಡಿತ. ಉಕ್ಕಿನ ಹಳಿ, ಉಕ್ಕಿನ ಚಕ್ರ. ಒಂದೊಂದು ಚಕ್ರ ಹಳಿಯನ್ನು ಮುಟ್ಟುವ ಜಾಗ ಒಂದು ಸಣ್ಣ ನಾಣ್ಯದಷ್ಟು. ಆ ನಾಣ್ಯದಗಲದ ಮೇಲೆ ಎಂಜಿನಿನ ಭಾರ ಕೂತಿದೆ. ಒಣ ಹಳಿಯ ಮೇಲೆ ಹಿಡಿತವು ಭಾರದ ಕಾಲು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಡಬ್ಲ್ಯು.ಡಿ.ಎಂ.-2 ಎಂಜಿನಿನ ತೂಕ 112.8 ಟನ್. ಅದರ ನೂರಕ್ಕೆ 27 ಪಾಲನ್ನು ಗುಣಿಸಿ ನೋಡಿ: 30.45 ಟನ್. ರೈಲ್ವೆಯ ಪಟ್ಟಿಯಲ್ಲಿ ಈ ಎಂಜಿನಿನ ಪರಮಾವಧಿ ಎಳೆತವೆಂದು ಕೊಟ್ಟಿರುವ ಅಂಕಿಯೂ ಇದೇ. ಇದಕ್ಕಿಂತ ಹೆಚ್ಚು ಎಳೆಯಹೊರಟರೆ ರೈಲು ಮುಂದೆ ಬರುವುದಿಲ್ಲ. ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ.

ಇದಕ್ಕೊಂದು ಒಳ್ಳೆಯ ಸಾಕ್ಷಿ ಇದೆ. 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾದ ಡಬ್ಲ್ಯು.ಡಿ.ಎಂ.-2ರ ಶಕ್ತಿ 2600 ಅಶ್ವ. ಅದೇ ಎಂಜಿನನ್ನು ಸುಧಾರಿಸಿ ಡಬ್ಲ್ಯು.ಡಿ.ಎಂ.-3ಎ ಎಂದು ಹೆಸರಿಟ್ಟಾಗ ಶಕ್ತಿ 3100 ಅಶ್ವಕ್ಕೇರಿತು. ಐನೂರು ಕುದುರೆಗಳು ಹೆಚ್ಚಿದವು. ತೂಕ ಅಷ್ಟೇ ಉಳಿಯಿತು. ಹೊರಡುವಾಗಿನ ಎಳೆತವೂ ಅದೇ 30.45 ಟನ್ನಿನಲ್ಲೇ ಉಳಿಯಿತು. ಹೆಚ್ಚಿದ ಕುದುರೆಗಳು ಕೆಲಸಕ್ಕೆ ಬರುವುದು ರೈಲು ವೇಗ ಹಿಡಿದ ಮೇಲೆ.

ಒಂದು ರೈಲನ್ನು ಊಹಿಸಿಕೊಳ್ಳೋಣ. 16 ಬೋಗಿಗಳು, ಜನ ತುಂಬಿದಾಗ ಒಂದೊಂದು 50 ಟನ್, ಒಟ್ಟು 800. ಎಂಜಿನು ಸೇರಿ ಸುಮಾರು 913 ಟನ್. ಸಮತಟ್ಟಾದ ಹಳಿಯ ಮೇಲೆ ಒಂದು ಟನ್ನನ್ನು ಕದಲಿಸಲು 4 ಕಿಲೋಗ್ರಾಮಿನಷ್ಟು ಎಳೆತ ಬೇಕೆಂದು ಇಟ್ಟುಕೊಂಡರೆ, ಇಡೀ ರೈಲಿಗೆ ಬೇಕಾಗುವುದು ಮೂರೂವರೆ ಟನ್ನಿಗಿಂತ ತುಸು ಹೆಚ್ಚು. ಎಂಜಿನಿನ ಕೈಯಲ್ಲಿರುವುದು ಮೂವತ್ತು. ಉಳಿದ ಇಪ್ಪತ್ತಾರು ಇಪ್ಪತ್ತೇಳು ಟನ್ನನ್ನೂ ವೇಗ ಕೂಡಿಸುವುದಕ್ಕೆ ಬಳಸಿದರೆ, ನಿಂತ ರೈಲು ಇಪ್ಪತ್ತು ಸೆಕೆಂಡಿನೊಳಗೆ ಗಂಟೆಗೆ 20 ಕಿಲೋಮೀಟರಿನ ವೇಗಕ್ಕೆ ಬಂದೀತು. ಆದರೆ ಯಾವ ಬುದ್ಧಿವಂತ ಚಾಲಕನೂ ಹಾಗೆ ಮಾಡುವುದಿಲ್ಲ. ಕಾರಣಗಳು ಒಂದೆರಡಲ್ಲ.

ಬೋಗಿಗಳನ್ನು ಕೂಡಿಸಿರುವ ಕೊಂಡಿಗಳಲ್ಲಿ ಸ್ವಲ್ಪ ಸಡಿಲ ಇರುತ್ತದೆ. ಸರಕು ರೈಲಿನಲ್ಲಂತೂ ಇದು ಹೆಚ್ಚು. ಒಂದು ಕೊಂಡಿಗೆ ಐದು ಸೆಂಟಿಮೀಟರಿದ್ದರೂ ಐವತ್ತು ಬಂಡಿಗಳಿಗೆ ಎರಡೂವರೆ ಮೀಟರು. ಎಂಜಿನು ಎರಡೂವರೆ ಮೀಟರು ಮುಂದೆ ನಡೆದ ಮೇಲೆ ಕಡೆಯ ಬಂಡಿಗೆ ಎಚ್ಚರವಾಗುವುದು. ಅಷ್ಟರಲ್ಲಿ ಎಂಜಿನು ವೇಗ ಹಿಡಿದಿದ್ದರೆ ಕಡೆಯ ಬಂಡಿ ಒಂದೇ ಏಟಿಗೆ ಅದೇ ವೇಗಕ್ಕೆ ಬರಬೇಕು. ಆ ಏಟು ಕೊಂಡಿಯ ಮೇಲೆ ಬೀಳುತ್ತದೆ. ಕೊಂಡಿ ತಡೆಯದಿದ್ದರೆ ರೈಲು ಎರಡು ತುಂಡು. ಬಾವಿಯಿಂದ ನೀರು ಸೇದುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಗ್ಗ ಸಡಿಲವಿರುವಾಗ ಒಮ್ಮೆಲೇ ಜಗ್ಗಿದರೆ ಏನಾಗುತ್ತದೆಂದು ಅವರು ಬಲ್ಲರು. ಮೊದಲು ಹಗ್ಗ ಬಿಗಿಯಾಗಬೇಕು, ಆಮೇಲೆ ಕೊಡ ಏಳಬೇಕು.

ಎರಡನೆಯದು ಮೋಟಾರುಗಳ ಕ್ಷೇಮ. ತಿರುಗುತ್ತಿರುವ ವಿದ್ಯುನ್ಮೋಟಾರು ತಾನೂ ಒಂದು ಜನಕದಂತೆ ವರ್ತಿಸಿ ಒಳಬರುವ ಪ್ರವಾಹವನ್ನು ಎದುರಿಸಿ ತಡೆಯುತ್ತದೆ. ನಿಂತ ಮೋಟಾರಿಗೆ ಈ ತಡೆ ಇಲ್ಲ. ಆದ್ದರಿಂದ ಹೊರಡುವ ಗಳಿಗೆಯಲ್ಲೇ ಅದು ಅತ್ಯಧಿಕ ಪ್ರವಾಹವನ್ನು ನುಂಗುತ್ತದೆ. ಆಗಲೇ ಅತ್ಯಧಿಕವಾಗಿ ಕಾಯುತ್ತದೆ. ಚಾಲಕನ ಮುಂದಿರುವ ಆಂಪಿಯರ್ ಮಾಪಕದ ಮುಳ್ಳು ಈ ಸಂಗತಿಯನ್ನು ಹೇಳುತ್ತಿರುತ್ತದೆ. ವೇಗಮಾಪಕದ ಮುಳ್ಳು ಏಳುವ ಮೊದಲು ಏಳುವುದು ಇದೇ. ಹೊರಡುವಾಗ ಅನುಭವಿ ಚಾಲಕನ ಕಣ್ಣು ಸಿಗ್ನಲ್ಲಿನ ಮೇಲೆ ಎಷ್ಟು ಇರುತ್ತದೆಯೋ ಈ ಮುಳ್ಳಿನ ಮೇಲೂ ಅಷ್ಟೇ ಇರುತ್ತದೆ.

ಮೂರನೆಯದು, ಹೊಗೆ. ನಾಚನ್ನು ಸರಸರನೆ ಏರಿಸಿದರೆ ಎಣ್ಣೆ ಕೂಡಲೇ ಹೆಚ್ಚಾಗಿ ಒಳಹೋಗುತ್ತದೆ. ಅದನ್ನು ಉರಿಸಲು ಬೇಕಾದ ಗಾಳಿಯನ್ನು ಒದಗಿಸುವ ಟರ್ಬೋ ಚಕ್ರ ವೇಗಕ್ಕೆ ಬರಲು ಹೊತ್ತು ಹಿಡಿಯುತ್ತದೆ. ಉರಿಯದ ಎಣ್ಣೆಯೇ ಕಪ್ಪು ಹೊಗೆ. ಆ ಕರಿ ಮೋಡವನ್ನು ಕಂಡು ಎಂಜಿನು ಭಾರೀ ದುಡಿಯುತ್ತಿದೆ ಎಂದು ಮೆಚ್ಚುವವರುಂಟು. ಅದು ದುಡಿಮೆಯಲ್ಲ, ಪೋಲು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಬಂಟ್ವಾಳದ ಪ್ಲಾಟ್‌ಫಾರ್ಮಿನಲ್ಲಿ ಡೀಸೆಲ್ ರೈಲೊಂದು ಹೊರಡುವುದನ್ನು ಗಮನಿಸೋಣ. ಸಿಗ್ನಲ್ ಬಿದ್ದಿದೆ, 2022ರಿಂದ ಟ್ರೈನ್ ಮ್ಯಾನೇಜರ್ ಎನ್ನಿಸಿಕೊಳ್ಳುವ ಗಾರ್ಡು ಹಸಿರು ತೋರಿಸಿದ್ದಾನೆ. ಚಾಲಕನು ಮೊದಲು ನೋಡುವುದು ಬ್ರೇಕಿನ ಗಾಳಿಯನ್ನು. ಕೊಳವೆಯಲ್ಲಿ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಮಿಗೆ ಬಂದಿರಬೇಕು. ಹಿಂದಿನ ಬೋಗಿಗಳವರೆಗೂ ಬ್ರೇಕು ಬಿಟ್ಟಿರಬೇಕು. ಮುಂದಿನ ಬೋಗಿಗಳು ಬಿಟ್ಟು ಹಿಂದಿನವು ಹಿಡಿದಿರುವಾಗ ಎಳೆದರೆ ಮೇಲೆ ಹೇಳಿದ ಕೊಂಡಿಯ ಗತಿಯೇ. ಎಂಜಿನಿಗೆ ಪ್ರತ್ಯೇಕವಾದ ಬ್ರೇಕೊಂದಿದೆ. ಅದನ್ನು ಹಿಡಿದಿಟ್ಟೇ ಒಂದನೆಯ ನಾಚ್ ಹಾಕುತ್ತಾನೆ. ಎಂಜಿನಿನ ದನಿ ತುಸು ಬದಲಾಗುತ್ತದೆ, ಮುಳ್ಳು ಏಳುತ್ತದೆ. ಈಗ ಎಂಜಿನಿನ ಬ್ರೇಕನ್ನು ಮೆಲ್ಲಗೆ ಸಡಿಲಿಸುತ್ತಾನೆ. ಎಂಜಿನು ಒಂದಿಷ್ಟು ಮುಂದೆ ಸರಿದು ಕೊಂಡಿಗಳನ್ನು ಒಂದೊಂದಾಗಿ ಬಿಗಿಮಾಡುತ್ತದೆ. ಆಗ ಅವಸರಪಡದೆ ಕಾಯಬೇಕು. ಇಡೀ ರೈಲು ಕದಲಿತೆಂದು ಗೊತ್ತಾದ ಮೇಲೆ ಎರಡನೆಯ ನಾಚ್. ಮುಳ್ಳು ಮತ್ತೆ ಏರುತ್ತದೆ. ವೇಗ ಹೆಚ್ಚಿದಂತೆ ತಾನಾಗಿ ಇಳಿಯತೊಡಗುತ್ತದೆ. ಇಳಿಯತೊಡಗಿದಾಗ ಮೂರನೆಯದು. ಹೀಗೆ ಏರುವ ಮುಳ್ಳು ಇಳಿಯುವವರೆಗೆ ಕಾದು ಮುಂದಿನ ಮೆಟ್ಟಿಲು ಹತ್ತುವುದೇ ಕ್ರಮ. ಒಳಗೆ ಕೂತ ಅಜ್ಜಿಯ ಕೈಯ ಚಹದ ಲೋಟ ತುಳುಕದೆ, ಕಿಟಕಿಯ ಹೊರಗಿನ ಕಂಬ ಹಿಂದೆ ಸರಿದಾಗಲೇ ರೈಲು ಹೊರಟಿತೆಂದು ತಿಳಿದರೆ, ಮುಂದೆ ಕೂತವನು ಕೆಲಸ ಬಲ್ಲವನು ಎಂದರ್ಥ.

ಹೊರಟ ಮೇಲೂ ಆತುರ ಸಲ್ಲದು. ರೈಲು ಪಕ್ಕದ ಹಳಿಯಿಂದ ಮುಖ್ಯ ಹಳಿಗೆ ಹೊರಳುವಾಗ ವೇಗ ಸಾಮಾನ್ಯವಾಗಿ 15 ಇಲ್ಲವೆ 30 ಕಿಲೋಮೀಟರಿಗೆ ಮಿತಿ. ಎಂಜಿನು ಕವಲನ್ನು ದಾಟಿದರೆ ಸಾಲದು, ಕಡೆಯ ಬೋಗಿಯೂ ದಾಟಬೇಕು. ನಮ್ಮ 16 ಬೋಗಿಗಳ ರೈಲಿನ ಉದ್ದ ಮುನ್ನೂರ ಎಪ್ಪತ್ತು ಮೀಟರಿಗೆ ಕಡಿಮೆಯಿಲ್ಲ. ಗಂಟೆಗೆ 15 ಕಿಲೋಮೀಟರಿನಲ್ಲಿ ಅದು ಒಂದು ಜಾಗವನ್ನು ದಾಟಲು ಒಂದೂವರೆ ನಿಮಿಷ ಬೇಕು. ಅಷ್ಟು ಹೊತ್ತೂ, ಎದುರಿಗೆ ನೇರ ಹಳಿ ಕಾಣುತ್ತಿದ್ದರೂ, ಕೈ ಕೆಳಗಿನ ಮೆಟ್ಟಿಲಿನಲ್ಲೇ ಇರಬೇಕು.

ಆಮೇಲಿನದು ಅಶ್ವಶಕ್ತಿಯ ರಾಜ್ಯ. 3100 ಅಶ್ವದಲ್ಲಿ ಜನಕ, ಮೋಟಾರು, ಫ್ಯಾನುಗಳೆಲ್ಲ ತಿಂದು ಚಕ್ರಕ್ಕೆ 2250 ಮುಟ್ಟಿತೆಂದು ಹಿಡಿಯೋಣ. ಶಕ್ತಿಯೆಂದರೆ ಎಳೆತವನ್ನು ವೇಗದಿಂದ ಗುಣಿಸಿದ್ದು. ಆದ್ದರಿಂದ ವೇಗ ಇಮ್ಮಡಿಯಾದರೆ ಎಳೆತ ಅರ್ಧವಾಗಲೇಬೇಕು. 20 ಕಿಲೋಮೀಟರಿನಲ್ಲಿ 30 ಟನ್ ಎಳೆಯುತ್ತಿದ್ದ ಎಂಜಿನು 40ರಲ್ಲಿ 15, 60ರಲ್ಲಿ 10, 100ರಲ್ಲಿ ಬರೇ 6 ಟನ್ ಎಳೆಯಬಲ್ಲದು. ಮೊದಲ ಇಪ್ಪತ್ತು ಕಿಲೋಮೀಟರಿನ ವೇಗ ಬೇಗ ಬಂದು, ಕಡೆಯ ಇಪ್ಪತ್ತು ಬರಲು ಹೊತ್ತಾಗುವುದಕ್ಕೆ ಇದೇ ಕಾರಣ. ಎಂಟನೆಯ ನಾಚಿಗೆ ನಿಜವಾದ ಬೆಲೆ ಬರುವುದೂ ಇಲ್ಲಿಯೇ.

ಇನ್ನು ಮಳೆಯ ವಿಷಯ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಟ್ಟು ಯಾವ ವಿಷಯವೂ ಪೂರ್ತಿಯಾಗದು. ಹಳಿ ಒದ್ದೆಯಾದರೆ ನೂರಕ್ಕೆ 27 ಇದ್ದ ಹಿಡಿತ 15ಕ್ಕೆ, ಕೆಲವೊಮ್ಮೆ ಇನ್ನೂ ಕೆಳಗೆ ಇಳಿಯುತ್ತದೆ. ವಿಚಿತ್ರವೆಂದರೆ, ಆಷಾಢದ ಜಡಿಮಳೆಗಿಂತ ಮೊದಲ ತುಂತುರೇ ಹೆಚ್ಚು ಅಪಾಯ. ಜಡಿಮಳೆ ಹಳಿಯನ್ನು ತೊಳೆದುಬಿಡುತ್ತದೆ. ತುಂತುರು ಹಳಿಯ ಮೇಲಿನ ತುಕ್ಕು, ಎಣ್ಣೆ, ಧೂಳುಗಳನ್ನು ಕಲಸಿ ಲೇಪ ಹಚ್ಚುತ್ತದೆ. ಗಾಲಿಗೆ ಸಿಕ್ಕಿ ಅರೆದುಹೋದ ಮರದ ಎಲೆಯೂ ಹಾಗೆಯೇ. ಪಾಚಿ ಹಿಡಿದ ಅಂಗಳದಲ್ಲಿ ನಡೆದು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಚಕ್ರ ಜಾರತೊಡಗಿದರೆ ಅದರ ವೇಗ ಕ್ಷಣದಲ್ಲಿ ಹೆಚ್ಚುತ್ತದೆ, ಹಿಡಿತ ಇನ್ನಷ್ಟು ಕಡಿಮೆಯಾಗುತ್ತದೆ. ನಿಂತಲ್ಲೇ ಸುತ್ತಿದ ಚಕ್ರ ಹಳಿಯನ್ನು ಕಾಯಿಸಿ ಕುಳಿ ಬೀಳಿಸುವುದೂ ಉಂಟು. ಆಗ ಮಾಡಬೇಕಾದ್ದು, ಮನಸ್ಸು ಹೇಳುವುದಕ್ಕೆ ನೇರ ವಿರುದ್ಧ. ರೈಲು ಮುಂದೆ ಹೋಗುತ್ತಿಲ್ಲವೆಂದು ಹಿಡಿಯನ್ನು ಏರಿಸಬಾರದು, ಇಳಿಸಬೇಕು. ಚಕ್ರ ಹಳಿಯನ್ನು ಮತ್ತೆ ಕಚ್ಚಿಕೊಂಡ ಮೇಲೆ ಒಂದೊಂದಾಗಿ ಏರಿಸಬೇಕು. ಚಕ್ರದ ಮುಂದೆ ಮರಳು ಉದುರಿಸಲು ಎಂಜಿನಿನಲ್ಲಿ ಪೆಟ್ಟಿಗೆಗಳಿವೆ. ಆದರೆ ಮರಳನ್ನು ಜಾರುವ ಮೊದಲೇ ಹಾಕಬೇಕು. ಗಿರಗಿರ ಸುತ್ತುತ್ತಿರುವ ಚಕ್ರದ ಕೆಳಗೆ ಮರಳು ಬಿದ್ದರೆ ಅದು ಥಟ್ಟನೆ ಹಿಡಿದು ನಿಲ್ಲುತ್ತದೆ. ಆ ಆಘಾತ ಮೋಟಾರಿನ ಹಲ್ಲುಚಕ್ರಕ್ಕೂ ಅಚ್ಚಿಗೂ ಹೋಗಿ ತಟ್ಟುತ್ತದೆ.

ಈಗ ಅದೇ ರೈಲನ್ನು ಸುಬ್ರಹ್ಮಣ್ಯ ರೋಡಿನಾಚೆ, ಸಿರಿಬಾಗಿಲು ಯಡಕುಮೇರಿಗಳ ನಡುವಿನ 50ಕ್ಕೆ 1ರ ಏರಿನಲ್ಲಿ ನಿಲ್ಲಿಸಿ ನೋಡೋಣ. 50ಕ್ಕೆ 1 ಎಂದರೆ ಟನ್ನಿಗೆ 20 ಕಿಲೋಗ್ರಾಮು ಹಿಂದಕ್ಕೆ ಜಗ್ಗಿದಂತೆ. ಮೊದಲಿನ 4 ಸೇರಿ 24. ಸಮತಟ್ಟಿನಲ್ಲಿ ಬೇಕಾದುದರ ಆರು ಪಾಲು! ಬಸ್ಸಿಗೆ ಏರೇ ಅಲ್ಲವೆಂದ ಏರು ರೈಲಿಗೆ ಹೀಗೆ ಪರ್ವತವಾಗುತ್ತದೆ. 913 ಟನ್ನಿಗೆ ಲೆಕ್ಕ ಹಾಕಿದರೆ ಸುಮಾರು 22 ಟನ್. ಹಳಿ ಒಣಗಿದ್ದರೆ ಎಂಜಿನು 30 ಟನ್ ಎಳೆಯಬಲ್ಲದು, ಉಳಿಯುವುದು ಎಂಟೂವರೆ. ಗಂಟೆಗೆ 20 ಕಿಲೋಮೀಟರಿಗೆ ಬರಲು ಇಪ್ಪತ್ತು ಸೆಕೆಂಡಿನ ಬದಲು ಒಂದು ನಿಮಿಷ. ಎಷ್ಟು ಹೊತ್ತು ಎಂಟನೆಯ ನಾಚಿನಲ್ಲಿ ದುಡಿದರೂ ವೇಗ 28 ಕಿಲೋಮೀಟರನ್ನು ದಾಟದು.

ಹಳಿ ಒದ್ದೆಯಾದರೋ? 112.8ರ ನೂರಕ್ಕೆ 15 ಪಾಲು ಎಂದರೆ 17 ಟನ್ನಿಗೂ ಕಡಿಮೆ. ಬೇಕಾದದ್ದು 22. ರೈಲು ಹೊರಡದು. ಚಾಲಕ ಎಂಥ ನಿಪುಣನಾದರೂ, ಎಂಜಿನಿನ ಅಶ್ವಶಕ್ತಿ ಎಷ್ಟೇ ಇದ್ದರೂ ಹೊರಡದು. ಒಂದು ಪಕ್ಕ ಕಣಿವೆ, ಇನ್ನೊಂದು ಪಕ್ಕ ಕುಸಿಯುವ ಗುಡ್ಡ, ಹಿಂದೆ ಸಾವಿರ ಮಂದಿ ಪ್ರಯಾಣಿಕರು. ಇಂಥ ಎಡೆಯಲ್ಲಿ ಬ್ರೇಕು ಬಿಟ್ಟು ಎಳೆತ ಸಾಲದೆ ಹೋದರೆ ರೈಲು ಹಿಂದಕ್ಕೆ ಉರುಳತೊಡಗುತ್ತದೆ. ಅದಕ್ಕಾಗಿಯೇ ಏರಿನಲ್ಲಿ ಹೊರಡುವವನು ಎಂಜಿನಿನ ಬ್ರೇಕನ್ನು ಹಿಡಿದೇ ಎರಡು ಮೂರು ನಾಚ್ ಏರಿಸಿ, ಎಳೆತ ಕೂಡಿತೆಂದು ಮುಳ್ಳಿನಿಂದ ತಿಳಿದ ಮೇಲೆ ಮಾತ್ರ ಬ್ರೇಕು ಸಡಿಲಿಸುತ್ತಾನೆ. ಅದಕ್ಕಾಗಿಯೇ ಈ ಘಟ್ಟದಲ್ಲಿ ಏರುವ ರೈಲುಗಳಿಗೆ ಬ್ಯಾಂಕರ್ ಎನ್ನುವ ನೂಕು ಎಂಜಿನುಗಳನ್ನು ಹಿಂದುಗಡೆ ಸೇರಿಸುವ ಪದ್ಧತಿ ಬಂದದ್ದು. ಎರಡು ಎಂಜಿನಾದರೆ ಒದ್ದೆ ಹಳಿಯಲ್ಲೂ ಹಿಡಿತ ಸುಮಾರು 34 ಟನ್. ಎರಡನೆಯ ಎಂಜಿನಿನ ಭಾರ ಸೇರಿದರೂ ಬೇಕಾದದ್ದು 25ರ ಒಳಗೆ. ಕುದುರೆಗಳಿಗಿಂತ ಹೆಚ್ಚಾಗಿ ಇಲ್ಲಿ ಸೇರಿಸುತ್ತಿರುವುದು ಭಾರವನ್ನು ಎಂಬುದು ಗಮನಾರ್ಹ.

ಆದರೆ ಎರಡು ಎಂಜಿನು ಎಂದರೆ ಎರಡು ಕೈ. ಮುಂದಿನವನು ಎಳೆದು ಹಿಂದಿನವನು ಸುಮ್ಮನಿದ್ದರೆ ಕೊಂಡಿಗೆ ಕಷ್ಟ. ಹಿಂದಿನವನು ಮಿತಿಮೀರಿ ನೂಕಿದರೆ ತಿರುವಿನಲ್ಲಿ ಬೋಗಿ ಹಳಿ ತಪ್ಪೀತು. ಅರ್ಧ ಕಿಲೋಮೀಟರಿನಷ್ಟು ದೂರದಲ್ಲಿ, ಎಷ್ಟೋ ವೇಳೆ ಸುರಂಗದ ಒಳಗೊಬ್ಬ ಹೊರಗೊಬ್ಬ ಇದ್ದು, ಒಬ್ಬರ ಮುಖ ಇನ್ನೊಬ್ಬರು ಕಾಣದೆ ಎರಡು ಹಿಡಿಗಳನ್ನು ಜೊತೆಯಾಗಿ ಏರಿಸಬೇಕು.

ಹೊಸ ಕಾಲದ ಎಂಜಿನುಗಳು ಈ ಕಷ್ಟವನ್ನು ಬಹುಮಟ್ಟಿಗೆ ಹಗುರ ಮಾಡಿವೆ. 1999ರಲ್ಲಿ ಅಮೆರಿಕದಿಂದ ತರಿಸತೊಡಗಿ ಆಮೇಲೆ ವಾರಾಣಸಿಯಲ್ಲೇ ಕಟ್ಟಿದ, ಹುಬ್ಬಳ್ಳಿಯ ಶೆಡ್ಡಿನಲ್ಲಿ ನೆಲೆಗೊಂಡ ಡಬ್ಲ್ಯು.ಡಿ.ಜಿ.-4 ಎಂಜಿನಿನ ತೂಕ 126 ಟನ್, ಶಕ್ತಿ 4000 ಅಶ್ವ. ಹೊರಡುವಾಗ ಅದರ ಎಳೆತ 50 ಟನ್ನಿಗೂ ಮಿಗಿಲು, ಅಂದರೆ ತೂಕದ ನೂರಕ್ಕೆ ನಲವತ್ತಕ್ಕೂ ಹೆಚ್ಚು. ಹಳಿ ಅದೇ, ಉಕ್ಕು ಅದೇ. ಹಿಡಿತ ಮಾತ್ರ ಹೇಗೆ ಹೆಚ್ಚಿತು? ಅದರಲ್ಲಿರುವುದು ಪರ್ಯಾಯ ಪ್ರವಾಹದ ಮೋಟಾರುಗಳು. ಚಕ್ರ ಕೂದಲೆಳೆಯಷ್ಟು ಜಾರಿದೊಡನೆ ಅದನ್ನು ಅಳೆದು, ಮನುಷ್ಯನ ಕೈಗಿಂತ ಬೇಗ ಎಳೆತವನ್ನು ತಗ್ಗಿಸಿ ಮತ್ತೆ ಏರಿಸುವ ಗಣಕಯಂತ್ರ ಅದರ ಹೊಟ್ಟೆಯಲ್ಲಿದೆ. ಹಳೆಯ ಚಾಲಕನು ಕಣ್ಣು ಕಿವಿಗಳಿಂದ ಮಾಡುತ್ತಿದ್ದ ಕೆಲಸವನ್ನೇ ಅದು ಸೆಕೆಂಡಿಗೆ ಹಲವು ಬಾರಿ ಮಾಡುತ್ತದೆ. ಕೊಂಡಿ ಬಿಗಿಮಾಡುವುದು, ಬ್ರೇಕು ಬಿಡುವ ಗಳಿಗೆಯನ್ನು ಆರಿಸುವುದು, ಕಡೆಯ ಬೋಗಿ ಕವಲು ದಾಟಿತೇ ಎಂದು ಲೆಕ್ಕ ಹಾಕುವುದು ಇವೆಲ್ಲ ಈಗಲೂ ಚಾಲಕನಿಗೇ ಬಿಟ್ಟವು. ಆ ಎಂಜಿನಿನಲ್ಲಿಯೂ ನಾಚುಗಳು ಎಂಟೇ.